ಕೊಹೆನ್‌ನ 15 ಆಲ್ಬಂಗಳಲ್ಲಿ ನಿಮ್ಮದು ಯಾವುದು?

ಮಂದ್ರಸ್ಥಾಯಿ

ಕೆನಡಾದ ಕವಿ, ಹಾಡುಗಾರ ಲಿಯೊನಾರ್ಡ್ ಕೊಹೆನ್‌ನಲ್ಲಿ ನಿಮಗೆ ಇಷ್ಟವಾದದ್ದು ಯಾವುದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಒಂದು ಹಾಡಿನ ಹೆಸರು ಹೇಳಿ ಸುಮ್ಮನಾಗುತ್ತಾರೆ. ಆ ಹಾಡು ಯಾವುದೆಂದು ಎಲ್ಲರಿಗೂ ಗೊತ್ತು. ಸದ್ಯಕ್ಕೆ ಅದನ್ನು ಬದಿಗಿಡೋಣ. ನಾನು ಕೇಳುತ್ತಿರುವುದು ಆಲ್ಬಂ ಬಗ್ಗೆ. 1967ರ ‘ಸಾಂಗ್ಸ್ ಆಫ್ ಲಿಯೊನಾರ್ಡ್ ಕೊಹೆನ್’ನಿಂದ ಹಿಡಿದು, ಆತ ತೀರಿಕೊಂಡ ಮೂರು ವರ್ಷಗಳ ಮೇಲೆ ಮಗ ಆ್ಯಡಮ್ ಸಿದ್ಧಪಡಿಸಿ ಹೊರತಂದ ‘ಥ್ಯಾಂಕ್ಸ್ ಫಾರ್ ದ ಡಾನ್ಸ್’ವರೆಗೆ ಸ್ಟುಡಿಯೊ ಆಲ್ಬಂಗಳು 15. ಈ ಚರ್ಚೆಗೆ ಬಂದವರೆಲ್ಲ ಅವುಗಳಲ್ಲಿ ಒಂದೇ ಒಂದನ್ನು ಆರಿಸಿ. ಆಯ್ದ ಹಾಡುಗಳ ಸಂಕಲನ ಬೇಡ, ಕಛೇರಿಯ ಧ್ವನಿಮುದ್ರಣವೂ ಬೇಡ. ಕಾರಣ ಹೇಳುವಾಗ ಒಂದು ಹಾಡನ್ನು ಮುಂದೆ ಮಾಡಿ ತಪ್ಪಿಸಿಕೊಳ್ಳಬೇಡಿ. ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಕೇಳಿದಾಗ ಏನಾಗುತ್ತದೆ, ಅದನ್ನು ಹೇಳಿ.

ನನ್ನದು 1979ರ ‘ರೀಸೆಂಟ್ ಸಾಂಗ್ಸ್’. ಬೇರೆ ಯಾರೂ ಇದನ್ನು ಹೇಳುವುದಿಲ್ಲ ಎಂಬ ಭರವಸೆಯಿಂದಲೇ ಮೊದಲು ಹೇಳುತ್ತಿದ್ದೇನೆ. ಹಿಂದಿನ ಆಲ್ಬಂನಲ್ಲಿ ನಿರ್ಮಾಪಕ ಫಿಲ್ ಸ್ಪೆಕ್ಟರ್ ಎಬ್ಬಿಸಿದ ಗದ್ದಲದ ಗೋಡೆಯೊಳಗೆ ಸಿಕ್ಕಿಕೊಂಡಿದ್ದ ಮನುಷ್ಯ ಎರಡು ವರ್ಷಕ್ಕೆ ಹೊರಬಂದು ಬಾಗಿಲ ಬಳಿ ಕೂತು ಹಾಡಿದಂತಿದೆ. ರಾಫಿ ಹಕೋಪಿಯನ್‌ನ ಪಿಟೀಲು, ಜಾನ್ ಬಿಲೆಝಿಕ್ಜಿಯನ್‌ನ ಔದ್ ಎಂಬ ಅರಬ್ ತಂತಿವಾದ್ಯ, ಜೊತೆಗೆ ಜೆನ್ನಿಫರ್ ವಾರ್ನ್ಸ್‌ಳ ದನಿ. ಮೊದಲ ಹಾಡಿನಲ್ಲಿ ಸೂಫಿ ಕವಿ ರೂಮಿಯ ನೆರಳಿದೆ. ಕೊನೆಯ ಹಾಡು ಝೆನ್ ಪರಂಪರೆಯ ಹತ್ತು ಎತ್ತಿನ ಚಿತ್ರಗಳ ಕಥೆ, ಎತ್ತಿನ ಜಾಗದಲ್ಲಿ ತಪ್ಪಿಸಿಕೊಂಡ ಹೆಣ್ಣುಕುದುರೆ. ನಡುವೆ ಫ್ರೆಂಚ್ ಕೆನಡಾದ ಹಳೆಯ ಹಾಡೊಂದನ್ನು ಮೆಕ್ಸಿಕೊದ ಮರಿಯಾಚಿ ವಾದ್ಯತಂಡದವರನ್ನು ಕಟ್ಟಿಕೊಂಡು ಹಾಡುತ್ತಾನೆ. ಹೇಳಿದರೆ ಕಲಸುಮೇಲೋಗರ ಎನಿಸುತ್ತದೆ. ಕೇಳಿದರೆ ಒಂದೇ ಮನೆಯ ಕೋಣೆಗಳ ಹಾಗೆ ಒಂದರಿಂದ ಒಂದಕ್ಕೆ ಬಾಗಿಲಿದೆ.

ನಾಲ್ಕು ಗಂಟೆ

‘ಸಾಂಗ್ಸ್ ಆಫ್ ಲವ್ ಅಂಡ್ ಹೇಟ್’, 1971. ಇದರಲ್ಲಿ ಚರ್ಚೆಗೆ ಏನಿದೆ ಎಂದೇ ಗೊತ್ತಾಗುತ್ತಿಲ್ಲ.

ಎಂಟು ಹಾಡು, ಎಂಟರಲ್ಲೂ ಕೇಳುಗನ ಮೇಲೆ ಕನಿಕರವಿಲ್ಲ. ಕಪ್ಪು ಮುಖಪುಟದಲ್ಲಿ ಗಡ್ಡ ಬೋಳಿಸದ ಒಂದು ನಗುಮುಖ. ಒಳಗಿನದನ್ನು ಕೇಳಿ ಮುಗಿಸಿ ಮತ್ತೆ ಆ ನಗು ನೋಡಿದರೆ ಮೈ ಜುಮ್ಮೆನ್ನುತ್ತದೆ. ‘ಅವಲಾಂಚ್’ನಲ್ಲಿ ಗಿಟಾರು ಓಡುತ್ತಲೇ ಇರುತ್ತದೆ, ಅದರ ಕೆಳಗೆ ಪಾಲ್ ಬಕ್‌ಮಾಸ್ಟರ್ ಹೊಂದಿಸಿದ ತಂತಿವಾದ್ಯಗಳು ಕತ್ತಲೆಯಲ್ಲಿ ಯಾರೋ ಸಾಮಾನು ಸರಿಸಿದಂತೆ ಮೆಲ್ಲಗೆ ಜರುಗುತ್ತವೆ.

ನಿಯಮ ಮುರಿದು ಒಂದು ಹಾಡಿನ ಬಗ್ಗೆ ಹೇಳಲೇಬೇಕು. ‘ಫೇಮಸ್ ಬ್ಲೂ ರೇನ್‌ಕೋಟ್’ ಹಾಡೇ ಅಲ್ಲ, ಪತ್ರ. ಡಿಸೆಂಬರ್ ಕೊನೆ, ಬೆಳಗಿನ ಜಾವ ನಾಲ್ಕು ಗಂಟೆ, ನ್ಯೂಯಾರ್ಕಿನ ಚಳಿ; ತನ್ನ ಸಂಸಾರದೊಳಗೆ ಬಂದುಹೋದ ಇನ್ನೊಬ್ಬ ಗಂಡಸಿಗೆ ಬರೆಯುತ್ತಿದ್ದಾನೆ. ಬೈಗುಳವಿಲ್ಲ, ಕ್ಷಮಿಸಿದೆ ಎಂಬ ದೊಡ್ಡಸ್ತಿಕೆಯೂ ಇಲ್ಲ. ಕೊನೆಯಲ್ಲಿ ಪತ್ರಕ್ಕೆ ರುಜು ಹಾಕುವಂತೆ ‘ಎಲ್. ಕೊಹೆನ್’ ಎಂದು ತನ್ನ ಹೆಸರು ಹೇಳಿ ನಿಲ್ಲಿಸುತ್ತಾನೆ. ದಾಸರ ಪದ ಕೇಳಿ ಬೆಳೆದ ಕಿವಿಗೆ ಇದು ತಟ್ಟನೆ ತಾಕುತ್ತದೆ: ಅಂಕಿತ! ಆದರೆ ದಾಸರು ಹಾಕುವುದು ದೇವರ ಹೆಸರು, ವಚನಕಾರರೂ ಅಷ್ಟೇ. ಇವನು ಹಾಕುವುದು ತನ್ನದೇ ಹೆಸರು, ಅದೂ ಬ್ಯಾಂಕಿನ ಕಾಗದಕ್ಕೆ ಹಾಕುವ ಹಾಗೆ ಇನಿಷಿಯಲ್ ಸಮೇತ. ಭಾರವನ್ನು ವಿಠಲನ ಮೇಲೆ ಹಾಕುವಂತಿಲ್ಲ, ಆದದ್ದಕ್ಕೆಲ್ಲ ತಾನೇ ಜವಾಬ್ದಾರ.

ಮೊಂಡುವಾದಿ

ಆ ಕೋಟು ನಿಜವಾಗಿ ಇದ್ದದ್ದೇ. 1959ರಲ್ಲಿ ಲಂಡನ್ನಿನಲ್ಲಿ ಕೊಂಡ ಬರ್ಬೆರಿ ಕಂಪನಿಯ ಮಳೆಕೋಟು. ಮುಂದೆ ನ್ಯೂಯಾರ್ಕಿನಲ್ಲಿ ಕಳುವಾಯಿತು. ಹಾಡಿನಿಂದ ಬಂದ ದುಡ್ಡಿನಲ್ಲಿ ಇನ್ನೂ ನಾಲ್ಕು ಕೋಟು ಕೊಳ್ಳಬಹುದಿತ್ತು, ಆ ಮಾತು ಬೇರೆ.

ನನ್ನ ಆಯ್ಕೆ ಹೇಳಿದರೆ ನೀವೆಲ್ಲ ಎದ್ದು ಹೋಗುತ್ತೀರಿ. ಆಮೇಲೆ ಹೇಳುತ್ತೇನೆ.

ಆರು ತಂತಿ

ಮೊದಲ ಆಲ್ಬಂ. ಎಲ್ಲರೂ ಅದನ್ನು ಪೀಠಿಕೆ ಎಂಬಂತೆ ದಾಟಿ ಹೋಗುವುದು ನೋಡಿ ಬೇಜಾರಾಗಿದೆ.

ಹೊರಬಂದದ್ದು 1967ರ ಡಿಸೆಂಬರ್ ಕೊನೆಯ ವಾರ. ಅವನಿಗೆ ಆಗ 33. ಅಷ್ಟರಲ್ಲಿ ಕವನ ಸಂಕಲನಗಳು ಬಂದಿದ್ದವು, ಎರಡು ಕಾದಂಬರಿ ಬಂದಿದ್ದವು, ಗ್ರೀಸಿನ ಹೈಡ್ರಾ ದ್ವೀಪದಲ್ಲಿ 1,500 ಡಾಲರ್ ಕೊಟ್ಟು ಮನೆ ಕೊಂಡೂ ಆಗಿತ್ತು. ಪುಸ್ತಕದಿಂದ ಹೊಟ್ಟೆ ತುಂಬಲಿಲ್ಲವೆಂದು ಹಾಡಿಗೆ ಬಂದವನು. ಅದರಲ್ಲಿನ ‘ಸುಝಾನ್’ ಹಾಡನ್ನು ಗಾಯಕಿ ಜೂಡಿ ಕಾಲಿನ್ಸ್ ಅದಕ್ಕಿಂತ ಒಂದು ವರ್ಷ ಮೊದಲೇ ಹಾಡಿ ಜನರಿಗೆ ಮುಟ್ಟಿಸಿದ್ದಳು. ಅಂದರೆ ಆ ಆಲ್ಬಂನಲ್ಲಿ ನಾವು ಕೇಳುವುದು ಹೊಸ ಹುಡುಗನ ದನಿಯಲ್ಲ. ಬರೆದು ಬರೆದು ಕೈ ಪಳಗಿದವನು ಬಾಯಿ ತೆರೆಯಲು ಹೆದರುತ್ತಿರುವ ದನಿ. ಆ ಹೆದರಿಕೆ ಮುಂದಿನ ಯಾವ ಆಲ್ಬಂನಲ್ಲೂ ಇಲ್ಲ.

ನಾನು ಗಿಟಾರು ಕಲಿಯಲು ಹೊರಟದ್ದು ಇವನ ದೆಸೆಯಿಂದ. ಹೆಬ್ಬೆರಳು ಮಂದ್ರದ ತಂತಿ ಮೀಟುತ್ತಿರಬೇಕು, ಉಳಿದ ಬೆರಳುಗಳು ತಿಶ್ರ ನಡೆಯಲ್ಲಿ ಎಡೆಬಿಡದೆ ಸುತ್ತಬೇಕು. ನಿಧಾನವಾಗಿ ಯಾರಾದರೂ ನುಡಿಸುತ್ತಾರೆ. ಅವನ ವೇಗಕ್ಕೆ ತಂದ ಕೂಡಲೇ ನನ್ನ ಉಂಗುರ ಬೆರಳು ಹಿಂದೆ ಬಿದ್ದು, ಮೂರು ಇರಬೇಕಾದ ಕಡೆ ಎರಡೂವರೆ ಆಗುತ್ತದೆ. ಇದನ್ನು ನುಡಿಸುತ್ತ ಮೇಲೆ ಬೇರೊಂದು ಗತಿಯಲ್ಲಿ ಹಾಡುವುದಂತೂ ಕನಸಿನ ಮಾತು.

ಇದನ್ನು ಅವನು ಕಲಿತ ಬಗೆಯನ್ನು 2011ರಲ್ಲಿ ಸ್ಪೇನಿನಲ್ಲಿ ಪ್ರಶಸ್ತಿ ಸ್ವೀಕರಿಸುತ್ತ ಹೇಳಿದ್ದಾನೆ. ಮಾಂಟ್ರಿಯಲ್‌ನಲ್ಲಿ ಅಮ್ಮನ ಮನೆಯ ಹತ್ತಿರದ ಪಾರ್ಕಿನಲ್ಲಿ ಸ್ಪೇನಿನ ಒಬ್ಬ ಯುವಕ ಗಿಟಾರು ನುಡಿಸುತ್ತಿದ್ದ. ಕಲಿಸು ಎಂದು ಕೇಳಿಕೊಂಡ. ಮೂರು ದಿನ ಮನೆಗೆ ಬಂದು ಆರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಕಲಿಸಿದ. ನಾಲ್ಕನೆಯ ದಿನ ಬರಲಿಲ್ಲ. ವಿಚಾರಿಸಿದರೆ ಆ ಯುವಕ ಆತ್ಮಹತ್ಯೆ ಮಾಡಿಕೊಂಡಿದ್ದ. ತನ್ನ ಎಲ್ಲ ಹಾಡಿಗೂ ತಳಹದಿ ಆ ಆರೇ ಎಂದು ಕೊಹೆನ್ ಅಂದು ಹೇಳಿದ. ಮೊದಲ ಆಲ್ಬಂ ಕೇಳುವಾಗಲೆಲ್ಲ ನನಗೆ ಬರದೆ ಉಳಿದ ಆ ನಾಲ್ಕನೆಯ ದಿನದ ನೆನಪಾಗುತ್ತದೆ.

ಕ್ಯಾಸಿಯೊ

ಪಿಟೀಲು, ಔದ್, ಗಿಟಾರು ಎಂದು ಎಲ್ಲರೂ ಮೆರೆಯುತ್ತಿರುವಾಗ ಆಟಿಕೆಯಂಥ ಕೀಬೋರ್ಡಿನ ಪರವಾಗಿ ಒಬ್ಬರಾದರೂ ಮಾತಾಡಬೇಕು. ‘ಐಮ್ ಯುವರ್ ಮ್ಯಾನ್’, 1988. ಮುಖಪುಟದಲ್ಲಿ ಕೋಟು ತೊಟ್ಟು, ಕಪ್ಪು ಕನ್ನಡಕ ಹಾಕಿ, ಅರ್ಧ ತಿಂದ ಬಾಳೆಹಣ್ಣು ಹಿಡಿದು ನಿಂತಿದ್ದಾನೆ. ತನ್ನನ್ನು ತಾನು ಗೇಲಿ ಮಾಡಿಕೊಳ್ಳಲು ಬಂದವನೇ ದೊಡ್ಡ ಕವಿ ಎಂಬುದಕ್ಕೆ ಆ ಬಾಳೆಹಣ್ಣೇ ಸಾಕ್ಷಿ.

ಕಥೆ ಶುರುವಾಗುವುದು ಅದಕ್ಕೂ ಹಿಂದಿನ ಆಲ್ಬಂನಿಂದ. ನ್ಯೂಯಾರ್ಕಿನಲ್ಲಿ ಅಗ್ಗದ ಕ್ಯಾಸಿಯೊ ಕೀಬೋರ್ಡ್ ಒಂದನ್ನು ಕೊಂಡ. ಒಂದು ಗುಂಡಿ ಒತ್ತಿದರೆ ತಾಳ ತಾನಾಗಿಯೇ ಬಡಿಯುತ್ತದೆ. ಅದರ ಮೇಲೆ ಹುಟ್ಟಿದ್ದು ‘ಡಾನ್ಸ್ ಮಿ ಟು ದಿ ಎಂಡ್ ಆಫ್ ಲವ್’. ಮದುವೆ ಹಾಡಿನಂತೆ ಕೇಳಿಸುವ ಅದರ ಬೀಜ ನಾಝಿ ಸಾವಿನ ಶಿಬಿರಗಳಲ್ಲಿ, ಜನರನ್ನು ಸುಡುವ ಒಲೆಗಳ ಪಕ್ಕದಲ್ಲಿ ಕೈದಿಗಳಿಂದ ಬಲವಂತವಾಗಿ ಪಿಟೀಲು ನುಡಿಸುತ್ತಿದ್ದ ಸಂಗತಿ. ಅಂಥ ವಿಷಯಕ್ಕೆ ಗುಂಡಿ ಒತ್ತಿದರೆ ಬರುವ ತಾಳ! ಕೊಲಂಬಿಯಾ ಕಂಪನಿಯ ಮುಖ್ಯಸ್ಥ ಆ ‘ವೇರಿಯಸ್ ಪೊಸಿಷನ್ಸ್’ ಅನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಒಪ್ಪಲೇ ಇಲ್ಲ. ನೀನು ದೊಡ್ಡವನೆಂದು ಗೊತ್ತು, ಚೆನ್ನಾಗಿದ್ದೀಯೋ ಇಲ್ಲವೋ ಅದು ಗೊತ್ತಿಲ್ಲ ಎಂಬ ಅರ್ಥದ ಮಾತು ಹೇಳಿ ಕಳಿಸಿದನಂತೆ. ಬೇಡವೆಂದ ಆ ಆಲ್ಬಂನ ಎರಡನೆಯ ಬದಿಯ ಮೊದಲ ಹಾಡೇ, ಮಂದ್ರಸ್ಥಾಯಿಯವರು ಬದಿಗಿಡೋಣ ಎಂದ ‘ಹಲ್ಲೆಲೂಯ’. 1991ರಲ್ಲಿ ಜಾನ್ ಕೇಲ್, 1994ರಲ್ಲಿ ಜೆಫ್ ಬಕ್ಲಿ ಹಾಡಿದ ಮೇಲೆಯೇ ಅದಕ್ಕೆ ಭಾಗ್ಯ ತೆರೆದದ್ದು.

ಇನ್ನು 1988. 1979ರಿಂದ ಇಲ್ಲಿಯವರೆಗೆ ದನಿ ಬಾವಿಗೆ ಇಳಿದಿದೆ. ಸಿಗರೇಟಿನ ಪಾಲೂ ಇದೆ, ವಯಸ್ಸಿನ ಪಾಲೂ ಇದೆ. ಇಳಿದ ದನಿಗೆ ಪಿಟೀಲು, ಗಿಟಾರು ಕಟ್ಟಿದ್ದರೆ ಅವು ಅದರ ಮೇಲೆಯೇ ಬಂದು ಕೂರುತ್ತಿದ್ದವು. ಕೀಬೋರ್ಡಿನ ಸದ್ದು ತೆಳು, ತಣ್ಣಗೆ, ಮೇಲೆ ಮೇಲೆ ತೇಲುವಂಥದ್ದು. ಕೆಳಗಿನ ನೆಲವನ್ನೆಲ್ಲ ಇವನಿಗೇ ಬಿಟ್ಟುಕೊಡುತ್ತದೆ. ಕೆಳಗೆ ಅವನು, ಮೇಲೆ ಹೆಂಗಸರ ದನಿ, ನಡುವೆ ಖಾಲಿ. ಆ ಖಾಲಿಯಲ್ಲಿ ಸಾಹಿತ್ಯದ ಒಂದೊಂದು ಅಕ್ಷರವೂ ಕೇಳಿಸುತ್ತದೆ. ಹೆಡ್‌ಫೋನ್ ಹಾಕಿ ‘ಎವ್ರಿಬಡಿ ನೋಸ್’ ಕೇಳಿ ನೋಡಿ. ಸಾಲು ಮುಗಿಯುವಲ್ಲಿ ತುಟಿ ಕೂಡುವುದು ಸಹ ತಿಳಿಯುತ್ತದೆ.

‘ಟೇಕ್ ದಿಸ್ ವಾಲ್ಟ್ಸ್’ ಅನುವಾದ. ಸ್ಪೇನಿನ ಕವಿ ಲೋರ್ಕಾನ ಕವಿತೆ. ಅದಕ್ಕೆ 150 ಗಂಟೆ ಹಿಡಿಯಿತು ಎಂದು ಹೇಳಿಕೊಂಡಿದ್ದಾನೆ. ಮಗಳಿಗೆ ಲೋರ್ಕಾ ಎಂದೇ ಹೆಸರಿಟ್ಟವನಿಗೆ 150 ಗಂಟೆ ಹೆಚ್ಚಲ್ಲ.

ಮಂದ್ರಸ್ಥಾಯಿ

ಕ್ಯಾಸಿಯೊ ಅವರೇ, ವಾದ ಚೆನ್ನಾಗಿದೆ. ಆದರೆ ಅದರಲ್ಲಿನ ‘ಜಾಝ್ ಪೊಲೀಸ್’ ಬಗ್ಗೆ ಒಂದು ಮಾತೂ ಇಲ್ಲವಲ್ಲ? ಮೊದಲಿನಿಂದ ಕೊನೆಯವರೆಗೆ ಎಂದಿದ್ದೆ.

ಕ್ಯಾಸಿಯೊ

ಆ ಹೊತ್ತಿಗೆ ನೀರು ಕುಡಿಯಲು ಎದ್ದು ಹೋಗುತ್ತೇನೆ. ಎಂಟು ಹಾಡಿನಲ್ಲಿ ಒಂದಕ್ಕೆ ಮಾಫಿ ಇರಲಿ. ವಾಪಸು ಬಂದು ಇನ್ನೊಂದು ಹಾಡು ಕಳೆದರೆ ‘ಟವರ್ ಆಫ್ ಸಾಂಗ್’ ಇರುತ್ತದೆ, ಅದರಲ್ಲಿ ಒಂದೇ ಬೆರಳಿನಿಂದ ಒತ್ತಿದಂಥ ಕೀಬೋರ್ಡ್ ಇರುತ್ತದೆ. ಕಲಿಯಲು ಕೂತ ಮೊದಲ ದಿನ ಮಕ್ಕಳು ನುಡಿಸುವುದು ಇದಕ್ಕಿಂತ ಹೆಚ್ಚು ಕಷ್ಟದ್ದು. ಆದರೂ ಅದನ್ನು ತೆಗೆದರೆ ಹಾಡು ಬಿದ್ದುಹೋಗುತ್ತದೆ.

ಹೊಸ ಕೇಳುಗಿ

ನಾನು ಈ ದಾರಿಯನ್ನು ಹಿಂದಿನಿಂದ ಹಿಡಿದವಳು. ಮೊದಲು ಕೇಳಿದ್ದು 2016ರ ‘ಯು ವಾಂಟ್ ಇಟ್ ಡಾರ್ಕರ್’, ಈಗಲೂ ಅದೇ ನನ್ನದು. ಹಿಂದಿನವನ್ನು ಒಂದೊಂದಾಗಿ ಕೇಳುತ್ತಿದ್ದೇನೆ, 1988ರವರೆಗೆ ಬಂದಿದ್ದೇನೆ.

ಬೆನ್ನುಮೂಳೆ ಮುರಿದು ಏಳಲಾಗದ ಸ್ಥಿತಿ. ಲಾಸ್ ಏಂಜಲಿಸ್‌ನ ಮನೆಯಲ್ಲೇ ರೋಗಿಗಳ ಕುರ್ಚಿಯ ಮೇಲೆ ಕೂತು ಹಾಡಿದರು, ಮಗ ಮೈಕು ಇಟ್ಟು ಮುದ್ರಿಸಿಕೊಂಡರು. ಸಹಗಾಯನಕ್ಕೆ ಮಾಂಟ್ರಿಯಲ್‌ನ ಶಾರ್ ಹಶೊಮಯಿಮ್ ಸಿನಗಾಗ್‌ನ ಗಾಯಕವೃಂದ. ಬಾಲ್ಯದಲ್ಲಿ ಮನೆಯವರೊಂದಿಗೆ ಹೋಗುತ್ತಿದ್ದ ಅದೇ ಪ್ರಾರ್ಥನಾಲಯದ ದನಿಗಳು 82ನೆಯ ವಯಸ್ಸಿನಲ್ಲಿ ಹಿಂದೆ ನಿಂತಿವೆ. ಮೊದಲ ಹಾಡಿನಲ್ಲಿ ‘ಹಿನೇನಿ’ ಎಂಬ ಹೀಬ್ರೂ ಮಾತಿದೆ. ಇಲ್ಲಿದ್ದೇನೆ ಎಂದರ್ಥ, ದೇವರು ಕರೆದಾಗ ಅಬ್ರಹಾಮ ಓಗೊಟ್ಟ ಮಾತು. ಅದನ್ನು ಅವರು ಹಾಡುವುದಿಲ್ಲ, ಶಾಲೆಯ ಹಾಜರಿಗೆ ಉತ್ತರ ಕೊಟ್ಟ ಹಾಗೆ ಹೇಳಿಬಿಡುತ್ತಾರೆ. ಆಲ್ಬಂ 36 ನಿಮಿಷದ ಆಸುಪಾಸು. ಬೇಡದ್ದು ಒಂದೂ ಇಲ್ಲ.

ನಾಲ್ಕು ಗಂಟೆ

ತಪ್ಪು ತಿಳಿಯಬೇಡಿ. ಅದು ಬಿಡುಗಡೆಯಾದದ್ದು ಅಕ್ಟೋಬರ್ 21, ಆತ ಹೋದದ್ದು ನವೆಂಬರ್ 7. ನಡುವೆ 17 ದಿನ. ಆ 17 ದಿನ ಇಲ್ಲದಿದ್ದರೆ ಇದನ್ನು ಇಷ್ಟು ಎತ್ತರದಲ್ಲಿ ಕೂರಿಸುತ್ತಿದ್ದೆವೇ? ಸಾವಿನ ಮನೆಯಲ್ಲಿ ಯಾರೂ ಅಡುಗೆಯ ಉಪ್ಪು ಖಾರ ನೋಡುವುದಿಲ್ಲ.

ಹೊಸ ಕೇಳುಗಿ

ನಾನು ಮೊದಲು ಕೇಳಿದಾಗ ಹಾಡುತ್ತಿರುವವರು ಯಾರು, ಇದ್ದಾರೋ ಇಲ್ಲವೋ ಯಾವುದೂ ಗೊತ್ತಿರಲಿಲ್ಲ. ಗೆಳತಿ ಕಳಿಸಿದ್ದಳು, ಕೇಳಿದೆ. ವಯಸ್ಸಾದವರು ಎಂಬುದು ದನಿಯಿಂದ ಗೊತ್ತಾಯಿತು, ಅಷ್ಟೇ. ನನ್ನ ಕೈಯಲ್ಲಿ ನಿಮ್ಮ 17 ದಿನದ ಲೆಕ್ಕ ಇರಲಿಲ್ಲ ಸರ್. ಅಂಥ ಲೆಕ್ಕ ನೋಡುವುದಾದರೆ, ನೀವು ‘ಲವ್ ಅಂಡ್ ಹೇಟ್’ ಮೊದಲು ಕೇಳಿದಾಗ ನಿಮ್ಮ ವಯಸ್ಸೆಷ್ಟು? ಇಪ್ಪತ್ತರ ಆಚೀಚೆ ಇದ್ದರೆ ಆ ಆಲ್ಬಂಗೂ ಸ್ವಲ್ಪ ರಿಯಾಯಿತಿ ಸಿಕ್ಕಿರಬೇಕು.

ನಾಲ್ಕು ಗಂಟೆ

ಹತ್ತೊಂಬತ್ತು. ಸೋತೆ.

ಆದರೆ ನೀವು ‘ಹಿನೇನಿ’ ಎಂದ ಮೇಲೆ ನನ್ನ ಅಂಕಿತದ ಮಾತು ಮತ್ತೆ ತಲೆಯಲ್ಲಿ ಸುತ್ತುತ್ತಿದೆ. 2012ರ ‘ಓಲ್ಡ್ ಐಡಿಯಾಸ್’ನ ಮೊದಲ ಹಾಡು ‘ಗೋಯಿಂಗ್ ಹೋಮ್’ ಕೇಳಿ. ಅಲ್ಲಿಯೂ ಹೆಸರು ಬರುತ್ತದೆ, ಲಿಯೊನಾರ್ಡ್ ಎಂದು. ಆದರೆ ಹೇಳುತ್ತಿರುವುದು ಅವನಲ್ಲ. ಮೇಲಿನಿಂದ ಯಾರೋ ಅವನ ಬಗ್ಗೆ ಮಾತಾಡುತ್ತಿದ್ದಾರೆ, ಸೂಟು ತೊಟ್ಟ ಸೋಮಾರಿ ಎಂದು ಬೈಯುತ್ತಾರೆ, ನಾನು ಹೇಳಿದ್ದನ್ನು ಮಾತ್ರ ಹೇಳಲಿ ಎನ್ನುತ್ತಾರೆ. 1971ರಲ್ಲಿ ತಾನೇ ರುಜು ಹಾಕಿದವನು 77ರ ವಯಸ್ಸಿನಲ್ಲಿ ಪೆನ್ನನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದಾನೆ. ದಾಸರ ಪದದಲ್ಲಿ ಭಕ್ತ ದೇವರ ಹೆಸರು ಹಾಕಿದರೆ, ಇಲ್ಲಿ ದೇವರು ಭಕ್ತನ ಹೆಸರು ಹಾಕಿದಂತೆ. ಇದನ್ನು ಇಷ್ಟು ದಿನ ಗಮನಿಸಿರಲಿಲ್ಲ. ಆಯ್ಕೆಯನ್ನೇನೂ ಬದಲಿಸುತ್ತಿಲ್ಲ, ಹೇಳಿದೆ ಅಷ್ಟೇ.

ಅರೆಬೆಳಕು

ಇಷ್ಟೆಲ್ಲ ಹೇಳಿ ಯಾರೂ ‘ಟೆನ್ ನ್ಯೂ ಸಾಂಗ್ಸ್’ ಹೆಸರೆತ್ತದಿರುವುದು ಅನ್ಯಾಯ. 2001. ಹಿಂದಿನ ‘ದ ಫ್ಯೂಚರ್’ ಬಂದು ಒಂಬತ್ತು ವರ್ಷವಾಗಿತ್ತು.

ಆ ಒಂಬತ್ತು ವರ್ಷದಲ್ಲಿ ಏನೇನಾಯಿತು ನೋಡಿ. 1994ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ಬಾಲ್ಡಿಯ ಝೆನ್ ಮಠ ಸೇರಿದ. 1996ರಲ್ಲಿ ದೀಕ್ಷೆಯಾಯಿತು, ಹೆಸರು ಜಿಕಾನ್. ಬೆಳಗಿನ ಜಾವ ಎದ್ದು ಧ್ಯಾನ, ಗುರು ಸಸಾಕಿ ರೋಶಿಗೆ ಅಡುಗೆ, ಬೇಕಾದಾಗ ಕಾರು ಓಡಿಸುವುದು. 1999ರಲ್ಲಿ ಬೆಟ್ಟ ಇಳಿದ. ಇಳಿದವನು ಬಂದದ್ದು ಮುಂಬಯಿಗೆ! ಬ್ಯಾಂಕಿನ ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಮನೆಯಲ್ಲೇ ಅದ್ವೈತ ಹೇಳುತ್ತಿದ್ದ ರಮೇಶ್ ಬಾಲ್ಸೇಕರ್ ಅವರ ಸತ್ಸಂಗದಲ್ಲಿ ತಿಂಗಳುಗಟ್ಟಲೆ ಎಲ್ಲರ ನಡುವೆ ಕೂತ. ವರ್ಷಗಳಿಂದ ಬೆನ್ನಿಗೆ ಬಿದ್ದಿದ್ದ ಖಿನ್ನತೆ ಆ ಹೊತ್ತಿನಲ್ಲಿ ತಾನಾಗಿ ಕರಗಿತು ಎಂದು ಮುಂದೆ ಹೇಳಿಕೊಂಡ.

ಆಮೇಲಿನ ಆಲ್ಬಂ ಇದು. ಶ್ಯಾರನ್ ರಾಬಿನ್ಸನ್ ರಾಗ ಸಂಯೋಜಿಸಿ, ವಾದ್ಯಗಳನ್ನು ತಾನೇ ಕಂಪ್ಯೂಟರಿನಲ್ಲಿ ಹೊಂದಿಸಿ, ಪ್ರತಿ ಹಾಡಿನಲ್ಲೂ ಜೊತೆಗೆ ಹಾಡಿದ್ದಾಳೆ. ಮುಖಪುಟದ ಮೇಲೆ ಇಬ್ಬರೂ ಇದ್ದಾರೆ. ಹತ್ತೂ ಹಾಡು ಒಂದೇ ಥರ ಎಂದು ದೂರುವವರಿದ್ದಾರೆ. ಹೌದು, ಒಂದೇ ಥರ. ಒಂದೇ ರಾತ್ರಿಯ ಹತ್ತು ಗಂಟೆಗಳೂ ಒಂದೇ ಥರ ಇರುತ್ತವೆ.

ಹತ್ತಿರದಿಂದ ಒಂದನ್ನು ತೋರಿಸುತ್ತೇನೆ. ಗ್ರೀಕ್ ಕವಿ ಕವಾಫಿಯ ಒಂದು ಕವಿತೆಯಲ್ಲಿ ರೋಮನ್ ಸೇನಾಪತಿ ಆಂಟನಿಗೆ ಹೇಳುವ ಮಾತಿದೆ: ನೀನು ಕಳೆದುಕೊಳ್ಳುತ್ತಿರುವ ಅಲೆಕ್ಸಾಂಡ್ರಿಯಾ ನಗರಕ್ಕೆ ಕಿಟಕಿಯ ಬಳಿ ನಿಂತು ಧೈರ್ಯದಿಂದ ವಿದಾಯ ಹೇಳು, ಇದು ಕನಸೆಂದು ಸುಳ್ಳು ಸಮಾಧಾನ ಮಾಡಿಕೊಳ್ಳಬೇಡ. ಕೊಹೆನ್ ಅದನ್ನು ತೆಗೆದುಕೊಂಡು ಅಲೆಕ್ಸಾಂಡ್ರಿಯಾವನ್ನು ಅಲೆಕ್ಸಾಂಡ್ರಾ ಮಾಡಿದ. ಒಂದು ಸ್ವರಾಕ್ಷರ ಬಿತ್ತು, ಊರು ಹೋಗಿ ಹೆಣ್ಣಾಯಿತು. ಉಳಿದದ್ದೆಲ್ಲ ಹೆಚ್ಚುಕಡಿಮೆ ಹಾಗೆಯೇ ಇದೆ, ಆದರೂ ಬೇರೆಯೇ ಹಾಡು. ನಮ್ಮಲ್ಲಿ ಬೇಂದ್ರೆ ಬರೆಯುತ್ತಾರೆ, ಅಶ್ವಥ್ ರಾಗ ಹಾಕುತ್ತಾರೆ, ಕವಿ ಬೇರೆ, ಹಾಡುಗಾರ ಬೇರೆ. ವಾಗ್ಗೇಯಕಾರ ಎಂಬ ಮಾತನ್ನು ಈಗ ಹಳಬರಿಗೆ ಮಾತ್ರ ಮೀಸಲಿಟ್ಟಿದ್ದೇವೆ. ಕವಿಯೇ ಹಾಡುವಾಗ ಇಂಥ ಒಂದಕ್ಷರದ ಕಳ್ಳತನ ದನಿಯಲ್ಲೂ ಕೇಳುತ್ತದೆ. ಆ ಹೆಸರಿನ ಬಳಿ ಅವನು ಕೊಂಚ ತಡೆಯುತ್ತಾನೆ.

ಮೊಂಡುವಾದಿ

ಎಲ್ಲರದೂ ಆಯಿತೇ? ಹಾಗಾದರೆ ನನ್ನದು: ‘ಡೆತ್ ಆಫ್ ಎ ಲೇಡೀಸ್ ಮ್ಯಾನ್’, 1977.

ಮಂದ್ರಸ್ಥಾಯಿ

ದಯವಿಟ್ಟು ಬೇಡ.

ಮೊಂಡುವಾದಿ

ಪೂರ್ತಿ ಕೇಳಿ. ಫಿಲ್ ಸ್ಪೆಕ್ಟರ್ ಸ್ಟುಡಿಯೊ ತುಂಬ ವಾದ್ಯಗಾರರನ್ನು ತುಂಬಿಸಿದ. ಒಂದು ರಾತ್ರಿ ಕೊಹೆನ್‌ನ ಕುತ್ತಿಗೆಗೆ ಬಂದೂಕು ಒತ್ತಿ ನಿನ್ನ ಮೇಲೆ ನನಗೆ ಪ್ರೀತಿ ಎಂದನಂತೆ. ಇದು ಕೊಹೆನ್‌ನೇ ಹೇಳಿದ ಕಥೆ. ಕೊನೆಗೆ ಟೇಪುಗಳನ್ನೆಲ್ಲ ಹೊತ್ತುಕೊಂಡು ಹೋಗಿ, ಇವನನ್ನು ಹತ್ತಿರ ಬಿಡದೆ ತಾನೊಬ್ಬನೇ ಕೂತು ಮುಗಿಸಿದ. ಸುಮ್ಮನೆ ಗುರುತಿಗೆಂದು ಹಾಡಿಟ್ಟ ಕಚ್ಚಾ ದನಿಯೇ ಆಲ್ಬಂನಲ್ಲಿ ಉಳಿಯಿತು. ಒಂದು ಹಾಡಿನ ಸಹಗಾಯನದಲ್ಲಿ ಹಾಡುಗಾರ ಬಾಬ್ ಡಿಲನ್ ಮತ್ತು ಕವಿ ಅಲೆನ್ ಗಿನ್ಸ್‌ಬರ್ಗ್ ಇದ್ದಾರೆ ಎಂದರೆ ಸ್ಟುಡಿಯೊ ಎಂಥ ಸಂತೆಯಾಗಿತ್ತೆಂದು ಊಹಿಸಿ. ಕೊಹೆನ್‌ಗೇ ಅದು ಸೇರಲಿಲ್ಲ.

ಈಗ ನನ್ನ ಪ್ರಶ್ನೆ. ಇವನು ಬರೆದು ಬರೆದು ಒರೆಸುವವನು. ‘ಹಲ್ಲೆಲೂಯ’ಕ್ಕೆ ಎಷ್ಟು ಕಾಲ ಹಿಡಿಯಿತು ಎಂದು ಡಿಲನ್ ಕೇಳಿದಾಗ ನಾಚಿಕೆಯಿಂದ ಎರಡು ವರ್ಷ ಎಂದು ಕಡಿಮೆ ಮಾಡಿ ಹೇಳಿದವನು. ತಿರುಗಿ ಡಿಲನ್‌ನ ಒಂದು ಹಾಡಿನ ಬಗ್ಗೆ ಕೇಳಿದರೆ ಹದಿನೈದು ನಿಮಿಷ ಎಂದನಂತೆ ಅವನು. ಹಾಗೆ ತಿದ್ದಿ ತೀಡುವವನ ಹದಿನೈದು ಆಲ್ಬಂಗಳಲ್ಲಿ, ತಿದ್ದಲು ಅವಕಾಶವೇ ಸಿಗದೆ ಸಿಕ್ಕಿಬಿದ್ದದ್ದು ಇದೊಂದೇ. ಉಳಿದ ಹದಿನಾಲ್ಕರಲ್ಲಿ ಅವನು ಸೂಟು ತೊಟ್ಟಿದ್ದಾನೆ. ಇದರಲ್ಲಿ ಬನಿಯನ್ನಿನಲ್ಲಿದ್ದಾನೆ.

ಆರು ತಂತಿ

ಬನಿಯನ್ನಿನಲ್ಲಿ ಯಾರನ್ನೂ ನೋಡುವ ಆಸೆ ನನಗಿಲ್ಲ. ಆದರೆ ವಾದ ಒಪ್ಪಿದೆ.

ಹೊಸ ಕೇಳುಗಿ

ಒಂದು ವಿಷಯ ಯಾರೂ ಬಿಡಿಸಿ ಹೇಳಲಿಲ್ಲ. ಮಂದ್ರಸ್ಥಾಯಿಯವರಿಗೆ ಜೆನ್ನಿಫರ್ ವಾರ್ನ್ಸ್, ಅರೆಬೆಳಕು ಅವರಿಗೆ ಶ್ಯಾರನ್ ರಾಬಿನ್ಸನ್, ಕ್ಯಾಸಿಯೊ ಅವರಿಗೆ ಮೇಲಿನ ಹೆಂಗಸರ ದನಿ. ಎಲ್ಲರ ಕಾರಣಗಳೊಳಗೂ ಒಬ್ಬ ಹೆಂಗಸು ಹಾಡುತ್ತಿದ್ದಾಳೆ, ಆದರೆ ಚರ್ಚೆ ಮಾತ್ರ ಅವರ ದನಿ ಎಷ್ಟು ಇಳಿಯಿತು ಎಂಬುದರ ಮೇಲೆ. ವಾರ್ನ್ಸ್ 1987ರಲ್ಲಿ ಇವರ ಹಾಡುಗಳದ್ದೇ ಒಂದು ಆಲ್ಬಂ ಮಾಡಿದರು. ಅಮೆರಿಕ ಮರೆತುಬಿಟ್ಟಿದ್ದವರನ್ನು ಮತ್ತೆ ಜನ ಕೇಳುವಂತೆ ಮಾಡಿದ್ದು ಅದು. ಮರುವರ್ಷ ಬಂದದ್ದೇ ನಿಮ್ಮ ಬಾಳೆಹಣ್ಣು. ನಿಮ್ಮ ‘ಎವ್ರಿಬಡಿ ನೋಸ್’ ಕೂಡ ರಾಬಿನ್ಸನ್ ಅವರೊಂದಿಗೆ ಸೇರಿ ಬರೆದದ್ದು. ಇವರಿಲ್ಲದೆ ಆ ದನಿ ಬಾವಿಯಲ್ಲೇ ಇರುತ್ತಿತ್ತು. ಹಗ್ಗ ಹಿಡಿದವರ ಹೆಸರು ಹೇಳಬೇಕಲ್ಲವೇ?

ಕ್ಯಾಸಿಯೊ

ಹೇಳಬೇಕಿತ್ತು. ಬಾವಿ ಎಂದು ಬರೆದವನು ನಾನೇ, ಹಗ್ಗ ಮರೆತದ್ದೂ ನಾನೇ.

ಅರೆಬೆಳಕು

ಈ ಮಾತಿಗಾದರೂ ‘ಲೈವ್ ಇನ್ ಲಂಡನ್’ಗೆ ಒಳಗೆ ಬರಲು ಬಿಡಿ. ಮ್ಯಾನೇಜರ್ ಉಳಿತಾಯದ ದುಡ್ಡನ್ನೆಲ್ಲ ನುಂಗಿದ್ದರಿಂದ 73ರ ವಯಸ್ಸಿನಲ್ಲಿ ಮತ್ತೆ ಊರೂರು ತಿರುಗಬೇಕಾಗಿ ಬಂದ ಮುದುಕ. 2008ರ ಜುಲೈ 17ರಂದು ಲಂಡನ್ನಿನಲ್ಲಿ ಹಾಡಿದ್ದು. ‘ಇಫ್ ಇಟ್ ಬಿ ಯುವರ್ ವಿಲ್’ ಬಂದಾಗ ಕೆಲವು ಸಾಲುಗಳನ್ನು ಬರಿದೆ ಓದಿ, ಹಾಡನ್ನು ಸಹಗಾಯಕಿಯರಾದ ವೆಬ್ ಸೋದರಿಯರಿಗೆ ಬಿಟ್ಟುಕೊಟ್ಟು ಹಿಂದೆ ಸರಿಯುತ್ತಾನೆ. ತನ್ನ ಕಛೇರಿಯಲ್ಲಿ ತನ್ನ ಅತ್ಯುತ್ತಮ ಹಾಡೊಂದನ್ನು ತಾನು ಹಾಡದೆ ನಿಂತು ಕೇಳುವವರು ಎಷ್ಟು ಜನ ಇದ್ದಾರೆ? ‘ಟವರ್ ಆಫ್ ಸಾಂಗ್’ನಲ್ಲಿ ಆ ಒಂದು ಬೆರಳಿನ ಕೀಬೋರ್ಡಿಗೆ ಸಭೆ ಚಪ್ಪಾಳೆ ತಟ್ಟುವುದನ್ನೂ ಕೇಳಬಹುದು.

ಮಂದ್ರಸ್ಥಾಯಿ

ನಿಯಮ ನಿಯಮವೇ. ಕಛೇರಿ ಬೇಡ ಎಂದಿದ್ದೆ. ಅದನ್ನು ಬಿಟ್ಟರೆ ಎಲ್ಲರೂ ಅದನ್ನೇ ಹೇಳುತ್ತೀರಿ, ನಾನೂ ಅದನ್ನೇ ಹೇಳುತ್ತೇನೆ, ಮಾತು ಮುಗಿದುಹೋಗುತ್ತದೆ.

ಹೊಸ ಕೇಳುಗಿ

ನಿನ್ನೆ ರಾತ್ರಿ ‘ರೀಸೆಂಟ್ ಸಾಂಗ್ಸ್’ ಕೇಳಿದೆ. ‘ದ ಜಿಪ್ಸೀಸ್ ವೈಫ್’ನಲ್ಲಿ ಪಿಟೀಲು ಬಂದಾಗ ಪಕ್ಕದ ಕೋಣೆಯಿಂದ ಅಮ್ಮ ಎದ್ದು ಬಂದು, ಇದು ಯಾವ ಸಿನಿಮಾದ್ದು ಎಂದು ಕೇಳಿದರು. ಸಿನಿಮಾದ್ದಲ್ಲ ಎಂದೆ. ಬಾಗಿಲಲ್ಲೇ ನಿಂತು ಪೂರ್ತಿ ಕೇಳಿ, ಹಾಡುವವನಿಗೆ ಶ್ರುತಿ ಸ್ವಲ್ಪ ಕಷ್ಟ, ಆದರೆ ಹೇಳುವುದು ನಿಜ ಹೇಳುತ್ತಿದ್ದಾನೆ ಎಂದು ಹೋದರು. ಅಮ್ಮನಿಗೆ ಆ ಭಾಷೆ ಅಷ್ಟಾಗಿ ತಿಳಿಯುವುದಿಲ್ಲ.

ನನ್ನ ಆಯ್ಕೆ 2016ರದ್ದೇ. ಆದರೆ ಇದನ್ನು ಎರಡನೆಯ ಸ್ಥಾನಕ್ಕೆ ಇಟ್ಟಿದ್ದೇನೆ. ಇನ್ನೂ ಹಿಂದಕ್ಕೆ ಹೋಗಬೇಕು. ಮುಂದೆ ಯಾವುದು ಕೇಳಲಿ?

ಮೊಂಡುವಾದಿ

1977.

ಮಂದ್ರಸ್ಥಾಯಿ

1974. ‘ನ್ಯೂ ಸ್ಕಿನ್ ಫಾರ್ ದಿ ಓಲ್ಡ್ ಸೆರಮನಿ’. ಅದರಲ್ಲಿ ‘ಹೂ ಬೈ ಫೈರ್’ ಇದೆ, ಯೆಹೂದಿಗಳ ಪ್ರಾಯಶ್ಚಿತ್ತದ ದಿನದ ಪ್ರಾರ್ಥನೆಯಿಂದ ಹುಟ್ಟಿದ್ದು. ನಿಮ್ಮ ‘ಹಿನೇನಿ’ಯ ಬೇರು ಅಲ್ಲಿದೆ. 1977ಕ್ಕೆ ಕೈ ಹಾಕಬೇಡಿ.

ನಾಲ್ಕು ಗಂಟೆ

1974ಕ್ಕೆ ನನ್ನದೂ ಒಂದು ಮತ.

ಆರು ತಂತಿ

ನನ್ನದೂ.

ಹೊಸ ಕೇಳುಗಿ

ಸರಿ. 1977 ಹಾಕಿದ್ದೇನೆ. ಡ್ರಮ್ ಸದ್ದಿಗೆ ಅಮ್ಮ ಮತ್ತೆ ಎದ್ದು ಬರುತ್ತಿದ್ದಾರೆ.